ಡೆಕ್ಕಿನಲ್ಲಿ ಬಂದವರ ಹೆಸರು

ತಾವು ಮುಂಬಯಿಗೆ ಬಂದ ತಾರೀಕು ಅಜ್ಜನಿಗೆ ಗೊತ್ತಿರಲಿಲ್ಲ. ಕೇಳಿದರೆ, "ರಾಮದಾಸ್ ಮುಳ್ಗಿದ್ ವರ್ಷ, ಮಳಿಗಾಲ ಕಳ್ದ್ ಮೇಲೆ" ಎನ್ನುತ್ತಿದ್ದರು. ಕೋಟದಿಂದ ಮಲ್ಪೆಗೆ ನಡೆದು, ದೋಣಿಯಲ್ಲಿ ಹೋಗಿ ದೂರ ನಿಂತಿದ್ದ ಸ್ಟೀಮರು ಹತ್ತಿ, ಅವಲಕ್ಕಿ ಗಂಟನ್ನು ತಲೆದಿಂಬು ಮಾಡಿಕೊಂಡು ಡೆಕ್ಕಿನಲ್ಲಿ ಮಲಗಿ ಬಂದ ಹುಡುಗ. ಇಳಿದವರು ಸೇರಿದ್ದು ಕಾಲ್ಬಾದೇವಿಯ ಒಂದು ಹೋಟೆಲಿಗೆ, ಕಪ್ಪು-ಬಸಿ ತೊಳೆಯಲು.

ಆ ಸ್ಟೀಮರು ಯಾವುದು, ಯಾವ ದಿನ ಬಂತು ಎಂದು ಹುಡುಕುವ ಹುಚ್ಚು ನನಗೆ ಹಿಡಿದದ್ದು ಕಳೆದ ವರ್ಷ. ಬೊರಿವಲಿಯಿಂದ ಚರ್ಚ್‌ಗೇಟ್‌ಗೆ ಲೋಕಲ್ ಹಿಡಿದು, ಎಷ್ಟೋ ಶನಿವಾರ ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲು ಹತ್ತಿ ಹಳೆಯ ಪತ್ರಿಕೆಗಳ ಮುಂದೆ ಕೂತೆ. ರಾಮದಾಸ್ ಸುಲಭವಾಗಿ ಸಿಕ್ಕಿತು. 1947ರ ಜುಲೈ 17, ಗುರುವಾರ. ಭಾವೂಚಾ ಧಕ್ಕಾದಿಂದ ರೇವಸ್‌ಗೆ ಹೊರಟ ಹಡಗು ದಾರಿಯಲ್ಲೇ ಮಗುಚಿತು. ಗಟಾರಿ ಅಮಾವಾಸ್ಯೆಗೆಂದು ಊರಿಗೆ ಹೊರಟಿದ್ದವರೂ ಅದರಲ್ಲಿದ್ದರು. ಸತ್ತವರು 600ಕ್ಕೂ ಹೆಚ್ಚು. ಸರಿಯಾದ ಲೆಕ್ಕ ಮಾತ್ರ ಒಂದೊಂದು ಕಡೆ ಒಂದೊಂದು. ಅಜ್ಜನ ತಾಯಿ ಆ ಸುದ್ದಿ ಕೇಳಿ ಮಗನನ್ನು ಕಳಿಸುವುದಿಲ್ಲವೆಂದು ಹಟ ಹಿಡಿದಿದ್ದರಂತೆ. ಮನೆಯಲ್ಲಿ ಅಕ್ಕಿ ಇದ್ದಿದ್ದರೆ ಆ ಹಟ ನಡೆಯುತ್ತಿತ್ತೋ ಏನೋ.

ಒಂದು ತಿಂಗಳೊಳಗೆ ಪುಟಗಳ ತುಂಬ ಸ್ವಾತಂತ್ರ್ಯ, ವಿಭಜನೆ. ನವರಾತ್ರಿಯ ಹೊತ್ತಿನ ಸಂಚಿಕೆಗಳನ್ನು ಒಂದೊಂದಾಗಿ ತಿರುವಿದೆ. ಅಜ್ಜನ ಹೆಸರು ಇರಲಿಲ್ಲ. ಇರುತ್ತದೆಂದು ನಾನು ಅಂದುಕೊಂಡದ್ದೇ ತಪ್ಪು. ವಿಲಾಯತಿಯಿಂದ ಮೇಲ್ ಸ್ಟೀಮರಿನ ಕ್ಯಾಬಿನ್ನಿನಲ್ಲಿ ಬಂದ ದೊರೆ, ದೊರೆಸಾನಿಯರ ಹೆಸರನ್ನು ಇಂಗ್ಲಿಷ್ ಪತ್ರಿಕೆಗಳು ಸಾಲು ಹಿಡಿದು ಅಚ್ಚು ಹಾಕುತ್ತಿದ್ದ ಕಾಲವೊಂದಿತ್ತು. ಕರಾವಳಿಯ ಡೆಕ್ಕಿನಲ್ಲಿ ಬಂದವರು ಪತ್ರಿಕೆಗೆ ಸುದ್ದಿಯಾಗಬೇಕಾದರೆ ಹಡಗು ಮುಳುಗಬೇಕಿತ್ತು. ಇವತ್ತು ಮತ್ಸ್ಯಗಂಧಾ ರೈಲಿನ ವೇಟಿಂಗ್ ಲಿಸ್ಟಿನಲ್ಲೂ ನಮ್ಮ ಹೆಸರಿರುತ್ತದೆ!

ಫಿಜಿಗೆ ಹೋದ ಗಿರ್ಮಿಟಿಯರ ಕಥೆಯೇ ಬೇರೆ. 1879ರಿಂದ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಕರಾರಿನ ಮೇಲೆ ಆ ದ್ವೀಪಕ್ಕೆ ಹೋದರು. ಒಬ್ಬೊಬ್ಬರಿಗೂ ಒಂದೊಂದು ಪಾಸು. ಅದರಲ್ಲಿ ಹೆಸರು, ತಂದೆಯ ಹೆಸರು, ಊರು, ಜಾತಿ, ಎತ್ತರ, ಮೈಮೇಲಿನ ಗುರುತು. ಮರಿಮಕ್ಕಳು ಇವತ್ತು ಆ ಪಾಸು ಹಿಡಿದು ಪೂರ್ವಜರ ಹಳ್ಳಿ ಹುಡುಕುತ್ತಾರೆ. ಓಡಿಹೋದರೆ ಹಿಡಿಯಬೇಕಲ್ಲ, ಅದಕ್ಕೇ ಸರ್ಕಾರ ಅಷ್ಟು ಬರೆದಿಟ್ಟಿತು. ನಮ್ಮವರು ತಮ್ಮ ಪಾಡಿಗೆ ತಾವು ಬಂದವರು, ಅವರನ್ನು ಯಾರೂ ಬರೆದುಕೊಳ್ಳಲಿಲ್ಲ.

ಕೊನೆಗೆ ಸುಳಿವು ಸಿಕ್ಕಿದ್ದು ಕೋಟದ ಮನೆಯಲ್ಲಿ, ಮುತ್ತಜ್ಜಿಯ ಮರದ ಪೆಟ್ಟಿಗೆಯ ತಳದಲ್ಲಿ. 5 ರೂಪಾಯಿಯ ಮನಿಯಾರ್ಡರ್ ಕೂಪನ್ನು. ಅಂಚೆ ಮುದ್ರೆಯಲ್ಲಿ ನವೆಂಬರ್ 1947 ಎಂದು ಓದಬಹುದು. ಮಳೆಗಾಲ ಮುಗಿದು ಹೊರಟ ಮೊದಮೊದಲ ಸ್ಟೀಮರುಗಳಲ್ಲೇ ಅಜ್ಜ ಬಂದಿರಬೇಕು. ಇದಕ್ಕಿಂತ ಹತ್ತಿರ ಹೋಗಲು ನನ್ನಿಂದ ಆಗಿಲ್ಲ.

ಆಗಬಹುದಿತ್ತು. ಹಗಲು ಹೋಟೆಲು, ರಾತ್ರಿ ಶಾಲೆ ಎಂದು ಬದುಕಿದ ಸಾವಿರಾರು ಹುಡುಗರಂತೆ ಅಜ್ಜನೂ ಫೋರ್ಟಿನ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಅಲ್ಲಿಯ ದಾಖಲಾತಿ ಪುಸ್ತಕದಲ್ಲಿ ಹೆಸರು, ತಂದೆ, ಊರು, ಸೇರಿದ ದಿನ ಎಲ್ಲ ಇದ್ದಿರಲೇಬೇಕು. ವಿಚಾರಿಸಿದೆ. ಹಳೆಯ ಪುಸ್ತಕಗಳೆಲ್ಲ ಜಾಗ ಬದಲಾಯಿಸುವಾಗ ರದ್ದಿಗೆ ಹೋದವು ಎಂದರು. ಹೇಳಿದವರ ದನಿಯಲ್ಲಿ ಬೇಸರವೂ ಇರಲಿಲ್ಲ.

ಮುಂಬಯಿ ಕನ್ನಡಿಗರು ವಾರ್ಷಿಕೋತ್ಸವಕ್ಕೆ, ಶಾಲು-ಹಾರಕ್ಕೆ ಧಾರಾಳವಾಗಿ ಖರ್ಚು ಮಾಡುತ್ತೇವೆ. ನಾನೂ ಚಂದಾ ಕೊಟ್ಟಿದ್ದೇನೆ, ವೇದಿಕೆಯಲ್ಲಿ ಕೂತಿದ್ದೇನೆ. ಒಂದು ವರ್ಷದ ಸನ್ಮಾನದ ದುಡ್ಡಿನಲ್ಲಿ ಒಂದು ಸಂಘದ ಸದಸ್ಯತ್ವ ಪುಸ್ತಕ, ರಸೀದಿ, ಸ್ಮರಣ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಬಹುದು. ಪತ್ರಿಕೆಗಳು ಬರೆಯದೆ ಬಿಟ್ಟ ಹೆಸರುಗಳು ಇರುವುದು ಅಲ್ಲೇ. ಈಗ ಹಳೆಯ ಕಟ್ಟಡಗಳೆಲ್ಲ ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಖಾಲಿ ಮಾಡುವ ದಿನ ಮೊದಲು ಹೊರಗೆ ಬೀಳುವುದು ಅಟ್ಟದ ಕಾಗದ.

ನಮ್ಮ ಸಂಘದ ಕೋಣೆ ಇರುವ ಕಟ್ಟಡಕ್ಕೂ ನೋಟಿಸು ಬಂದಿದೆ. ಮಾರ್ಚ್‌ ತನಕ ಸಮಯವಿದೆ. ಮುಂದಿನ ಭಾನುವಾರ ನಾಲ್ಕು ಜನ ಸೇರಿ ಅಟ್ಟದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದೇವೆ.