ಭಯಾನಕ ಚಿತ್ರಕಥೆಗಳೂ ನಮ್ಮ ಹೆಣ್ಣುಮಕ್ಕಳೂ

ಹುಡುಗಿಯರು ಪಾಠಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುವ ಪ್ರೇತಪಿಶಾಚಿಗಳ ಚಿತ್ರಕಥೆಗಳನ್ನು ಕಸಿದುಕೊಂಡು ಸುಟ್ಟುಬಿಡಬೇಕೆಂದು ಕೆಲವು ತಾಯಿತಂದೆಗಳು ನಮ್ಮನ್ನು ಕೇಳಿಕೊಳ್ಳುವುದುಂಟು. ಅವರ ಕಳವಳವನ್ನು ನಾವು ಬಲ್ಲೆವು. ಆದರೆ ಆ ಕೋರಿಕೆಗೆ ಸಮ್ಮತಿಸಲಾರೆವು.

ಈ ಜಾತಿಯ ಪುಸ್ತಕಗಳಲ್ಲಿ ಬಹು ಪ್ರಸಿದ್ಧವಾದವು 1950ರಲ್ಲಿ ಅಮೆರಿಕದಲ್ಲಿ ಹುಟ್ಟಿದವು. 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್' ಮೊದಲಾದ ಮೂರು ಪತ್ರಿಕೆಗಳನ್ನು ಹೊರಡಿಸಿದ ವಿಲಿಯಂ ಗೇನ್ಸನಿಗೆ ಆ ಪ್ರಕಾಶನವು ಪಿತ್ರಾರ್ಜಿತವಾಗಿ ಬಂದುದು. ತಂದೆಯಾದರೋ ಸತ್ಯವೇದದ ಕಥೆಗಳನ್ನು ಚಿತ್ರರೂಪದಲ್ಲಿ ಅಚ್ಚುಹಾಕಿಸಿದವನು! ಮಗನ ಪುಟಗಳಲ್ಲಿ ಪಾಳುಬಂಗಲೆ, ನೆಲಮಾಳಿಗೆ, ಮಂಜು ಕವಿದ ಸ್ಮಶಾನ. ಹಣದಾಸೆಗೆ ಕೊಲೆಮಾಡಿದವನನ್ನು ಅರಸುತ್ತ, ಸತ್ತವನ ಕೊಳೆತ ದೇಹವು ಗೋರಿಯಿಂದೆದ್ದು ಬರುತ್ತದೆ. ಕಥೆ ಹೇಳುವ ಮುದಿ ಮಾಟಗಾತಿಯು ಕುಚೋದ್ಯದ ಮಾತುಗಳಿಂದ ನಗಿಸುತ್ತಾಳೆ. ನ್ಯಾಯಸ್ಥಾನದ ಕಣ್ಣಿಗೆ ಬೀಳದ ಪಾಪವನ್ನು ಮಣ್ಣೂ ಮುಚ್ಚಿಡಲಾರದೆಂಬ ನಂಬಿಕೆಯೇ ಇವುಗಳ ಆಕರ್ಷಣೆಯ ಮೂಲವೆಂದು ನಮಗೆ ತೋರುತ್ತದೆ. ಹೇಬೆಲನ ರಕ್ತವು ಭೂಮಿಯೊಳಗಿಂದ ಕೂಗಿದ ಸಂಗತಿಯನ್ನು ಬಾಲ್ಯದಲ್ಲಿಯೇ ಕಲಿತ ನಮಗೆ ಇದು ತೀರ ಹೊಸದೇನೂ ಅಲ್ಲ.

1954ರಲ್ಲಿ ವರ್ಥಮ್ ಎಂಬ ಮನೋವೈದ್ಯನು, ಇವೇ ಬಾಲಾಪರಾಧಕ್ಕೆ ಕಾರಣವೆಂದು ಗ್ರಂಥ ಬರೆದನು. ಶಾಸನಸಭೆಯ ಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರೇ ನಿಯಮಾವಳಿ ರಚಿಸಿ ರಕ್ತಪಿಶಾಚಿಗಳನ್ನು ಬಹಿಷ್ಕರಿಸಿದರು. 1955ರ ವೇಳೆಗೆ ಆ ಮೂರು ಪತ್ರಿಕೆಗಳೂ ನಿಂತುಹೋದವು. ಆ ವೈದ್ಯನು ಮಕ್ಕಳ ಹೇಳಿಕೆಗಳನ್ನು ತನ್ನ ವಾದಕ್ಕೆ ಒಗ್ಗುವಂತೆ ತಿದ್ದಿದ್ದನೆಂಬುದನ್ನು 2012ರಲ್ಲಿ ಕ್ಯಾರಲ್ ಟಿಲಿ ಎಂಬ ವಿದುಷಿಯು ಅವನ ಕಾಗದಪತ್ರಗಳಿಂದಲೇ ತೋರಿಸಿಕೊಟ್ಟರು.

ಇದಕ್ಕಿಂತಲೂ ವಿಚಾರಾರ್ಹವಾದುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸಂಗತಿ. 1954ರ ಸೆಪ್ಟೆಂಬರಿನ ಒಂದು ಸಂಜೆ ನೂರಾರು ಮಕ್ಕಳು ದೊಣ್ಣೆ ಚೂರಿಗಳನ್ನು ಹಿಡಿದು ಗಾರ್ಬಲ್ಸ್ ಬಡಾವಣೆಯ ಸ್ಮಶಾನಕ್ಕೆ ನುಗ್ಗಿದರು. ಇಬ್ಬರು ಬಾಲಕರನ್ನು ತಿಂದ, ಕಬ್ಬಿಣದ ಹಲ್ಲಿನ ಪಿಶಾಚಿಯೊಂದನ್ನು ಕೊಲ್ಲುವುದು ಅವರ ಉದ್ದೇಶ. ಅಂತಹ ಬಾಲಕರು ಕಾಣೆಯಾಗಿಯೇ ಇರಲಿಲ್ಲ. ತಪ್ಪೆಲ್ಲವೂ ಅಮೆರಿಕದ ಚಿತ್ರಕಥೆಗಳ ತಲೆಗೆ ಬಿತ್ತು. ಮೊದಲೇ ಎದ್ದಿದ್ದ ಕೂಗು ಇದರಿಂದ ಬಲಗೊಂಡು, 1955ರಲ್ಲಿ ಬ್ರಿಟನ್ನಿನಲ್ಲಿ ನಿಷೇಧದ ಕಾನೂನು ಬಂದಿತು. ಅಂತಹ ಪಿಶಾಚಿಯುಳ್ಳ ಚಿತ್ರಕಥೆ ತಮಗೆ ಸಿಕ್ಕಲಿಲ್ಲವೆಂದು ತರುವಾಯ ಕೆಲವು ಪಂಡಿತರು ಹೇಳಿದರು. ಕಬ್ಬಿಣದ ಹಲ್ಲಿನ ಜೆನ್ನಿಯು ಸ್ಕಾಟಿಷ್ ಕವಿ ಆಂಡರ್ಸನ್ನನ ಪದ್ಯದಲ್ಲಿದ್ದಳು. ಕಬ್ಬಿಣದ ಹಲ್ಲಿನ ಮೃಗವು ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯದಲ್ಲಿದೆ. ಇವೆರಡನ್ನೂ ಸುಡಬೇಕೆಂದು ಯಾರೂ ಹೇಳಲಿಲ್ಲ.

ಹಾಗೆಂದು ಎಲ್ಲವೂ ಎಲ್ಲರಿಗೂ ತಕ್ಕುದೆಂದು ನಾವು ಹೇಳುವುದಿಲ್ಲ. ಕೊಡಲಿ ಹಿಡಿದವನ ಕೈಯಲ್ಲಿ ಹೆಂಗಸಿನ ಕಡಿದ ತಲೆಯನ್ನು ತೂಗಿಸಿದ ಗೇನ್ಸನ ಒಂದು ಮುಖಪುಟವನ್ನು ನಾವು ಸಹಿಸಲಾರೆವು. ಸ್ತ್ರೀಯ ಹೆಣವನ್ನು ಅಂಗಡಿಯ ಅಲಂಕಾರ ಮಾಡಿದುದರಲ್ಲಿ ನ್ಯಾಯವೂ ಇಲ್ಲ, ನಗೆಯೂ ಇಲ್ಲ. ಚಿಕ್ಕ ತರಗತಿಯ ಮಕ್ಕಳ ಕೈಗೆ ಇವು ಬೇಡ. ದೊಡ್ಡ ಹುಡುಗಿಯರಿಂದಲಾದರೋ ನಾವು ಕಥೆಯನ್ನು ಹೇಳಿಸಿ ಕೇಳುತ್ತೇವೆ: ಸತ್ತವನು ಏಕೆ ಎದ್ದುಬಂದನು? ಅವರ ಉತ್ತರಗಳು ನೀತಿಪಾಠದ ಘಂಟೆಯಲ್ಲಿ ದೊರಕುವುದಕ್ಕಿಂತ ಎಷ್ಟೋ ದಿಟ್ಟವಾಗಿರುತ್ತವೆ.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಮಗಳ ದಿಂಬಿನಡಿಯಲ್ಲಿ ಸಿಕ್ಕಿದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಓದಿ, ಅನಂತರ ನಮ್ಮಲ್ಲಿಗೆ ತರಬೇಕು. ಶನಿವಾರ ಬೆಳಗ್ಗೆ ನಾವು ಕಚೇರಿಯಲ್ಲಿರುತ್ತೇವೆ.