ಕೋಟೆಯೊಳಗೇ ರೈಲು ನಿಲ್ಲುತ್ತದೆ, ನಡೆಯಲು ದಾರಿಯೆಲ್ಲಿ?

ಬೆಂಗಳೂರು–ಮೈಸೂರು ರೈಲು ಮಾರ್ಗದ ಒಂದು ವಿಶೇಷವನ್ನು ನಿತ್ಯ ಪ್ರಯಾಣಿಕರೂ ಗಮನಿಸುವುದು ಕಡಿಮೆ. ಮೈಸೂರಿಗೆ ಇನ್ನು ಹದಿನೈದು ಕಿಲೋಮೀಟರಿನಷ್ಟು ದೂರವಿರುವಾಗ ರೈಲು ಕಾವೇರಿಯ ಒಂದು ಕವಲನ್ನು ದಾಟಿ, ಶ್ರೀರಂಗಪಟ್ಟಣದ ಕೋಟೆಗೋಡೆಯನ್ನು ಸೀಳಿಕೊಂಡು ಒಳಬರುತ್ತದೆ. ಕೋಟೆಯೊಳಗೇ ಇರುವ ಪುಟ್ಟ ನಿಲ್ದಾಣದಲ್ಲಿ ಒಂದೆರಡು ನಿಮಿಷ ನಿಂತು, ಮತ್ತೊಂದು ಕವಲನ್ನು ದಾಟಿ ಮುಂದೆ ಸಾಗುತ್ತದೆ. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಒಂದು ತಿಂಗಳ ಕಾಲ ಹೊರಗೆ ಬೀಡುಬಿಟ್ಟು ಪ್ರವೇಶಿಸಿದ ಕೋಟೆಯನ್ನು ಇಂದು ಸಾಮಾನ್ಯ ದರ್ಜೆಯ ಟಿಕೆಟ್ಟಿನಲ್ಲಿ ಪ್ರವೇಶಿಸಬಹುದು. ಇಷ್ಟು ಅನುಕೂಲವಿರುವ ಐತಿಹಾಸಿಕ ಪಟ್ಟಣ ನಮ್ಮ ರಾಜ್ಯದಲ್ಲಿ ಇನ್ನೊಂದಿದೆಯೆಂದು ಹೇಳುವುದು ಕಷ್ಟ.

ಆದರೂ ಶ್ರೀರಂಗಪಟ್ಟಣವನ್ನು ನೋಡುವುದೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಾರಿನಿಂದ ಐದು ಬಾರಿ ಇಳಿದು ಐದು ಬಾರಿ ಹತ್ತುವುದು ಎಂದೇ ಅರ್ಥ. ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ, ಮರಳಿ ಹೆದ್ದಾರಿ. ನಡುವಿನ ಊರು ಕಿಟಕಿಯ ಗಾಜಿನಾಚೆ ಹಾದುಹೋಗುತ್ತದೆ. ಪ್ರವಾಸೋದ್ಯಮದ ಅಭಿವೃದ್ಧಿ ಎಂದೊಡನೆ ಆಡಳಿತಕ್ಕೆ ಮೊದಲು ನೆನಪಾಗುವುದು ವಾಹನ ನಿಲುಗಡೆಯ ಜಾಗ. ನಡೆದು ನೋಡುವವನೂ ಒಬ್ಬ ಪ್ರವಾಸಿ, ಅವನಿಗೂ ಒಂದು ದಾರಿ ಬೇಕು ಎಂಬ ಯೋಚನೆ ಯೋಜನೆಗಳ ಕೊನೆಯ ಪುಟದಲ್ಲಾದರೂ ಬಂದರೆ ಅದೇ ದೊಡ್ಡದು.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣಗಳಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ. ದಶಕಗಳ ಕಾಲ ಕೋಟೆಯ ಪಕ್ಕದಲ್ಲೇ ಗುಡುಗಿಕೊಂಡು ಹೋಗುತ್ತಿದ್ದ ದೂರಪ್ರಯಾಣದ ವಾಹನಗಳಿಗೆ ಈಗ ಈ ಊರು ಅನಿವಾರ್ಯವಲ್ಲ. ಹೆದ್ದಾರಿಯ ವ್ಯಾಪಾರವನ್ನು ನಂಬಿದ್ದ ಅಂಗಡಿ, ಹೋಟೆಲಿನವರಿಗೆ ಇದರಿಂದ ಪೆಟ್ಟು ಬಿದ್ದಿರುವುದು ಸಹಜ. ಬೈಪಾಸ್ ಕಂಡ ಎಲ್ಲ ಊರುಗಳ ಕಥೆಯೂ ಇದೇ. ಅದೇ ವರ್ಷದ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಇನ್ನೊಂದು ಬಗೆಯ ಪ್ರವಾಸಿಯನ್ನು ಬಸ್ ನಿಲ್ದಾಣಕ್ಕೆ ತಂದಿಳಿಸಿತು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲದೆ ರಂಗನಾಥನ ದರ್ಶನಕ್ಕೆ, ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಗುಂಪುಗೂಡಿ ಬರುವ ಹೆಣ್ಣುಮಕ್ಕಳಿಗೆ ಕಾರಿಲ್ಲ. ಬಸ್ಸಿಳಿದ ಮೇಲೆ ಅವರ ಪಾಲಿಗಿರುವುದು ಆಟೊ, ಇಲ್ಲವೇ ಕಾಲು. ಒಂದು ಸರ್ಕಾರಿ ಯೋಜನೆ ಅವರನ್ನು ಊರ ಬಾಗಿಲಿಗೆ ತಲುಪಿಸಿದೆ. ಅಲ್ಲಿಂದ ಮುಂದಿನ ಎರಡು ಕಿಲೋಮೀಟರಿನ ಬಗ್ಗೆ ಯಾವ ಯೋಜನೆಯೂ ತಲೆ ಕೆಡಿಸಿಕೊಂಡಂತಿಲ್ಲ.

ದೂರವೇನೂ ಹೆಚ್ಚಲ್ಲ. ದ್ವೀಪದ ಉದ್ದ ಸುಮಾರು ಐದು ಕಿಲೋಮೀಟರ್, ಅಗಲ ಅದರ ಮೂರನೇ ಒಂದು ಭಾಗದಷ್ಟು. ನೆಲ ಬಹುಮಟ್ಟಿಗೆ ಸಮತಟ್ಟು. ಬೆಟ್ಟ ಹತ್ತಲೇಬೇಕೆನ್ನುವವರಿಗೆ ಲೋಕಪಾವನಿಯ ಆಚೆ ಕರಿಘಟ್ಟವಿದೆ. ಮಿಕ್ಕವರು ಉಸಿರು ಕಟ್ಟದೆ ಎರಡು ದಾರಿಗಳಲ್ಲಿ ಈ ಊರನ್ನು ಮುಗಿಸಬಹುದು. ಮೊದಲನೆಯದು ಕೋಟೆಯೊಳಗಿನ ಸುತ್ತು: ರೈಲು ನಿಲ್ದಾಣದಿಂದ ರಂಗನಾಥಸ್ವಾಮಿ ದೇವಾಲಯ, ಅಲ್ಲಿಂದ ಕೋಟೆಯ ವಾಯವ್ಯ ಮೂಲೆ, ಉತ್ತರದ ಗೋಡೆಯ ಬದಿಯಲ್ಲಿ ಕರ್ನಲ್ ಬೇಯ್ಲಿಯ ಹೆಸರಿನ ಸೆರೆಮನೆ, ನೀರಬಾಗಿಲು, ಟಿಪ್ಪುವಿನ ದೇಹ ಸಿಕ್ಕಿದ ಸ್ಥಳ, ಕಡೆಗೆ ಪೂರ್ವದ ಬಾಗಿಲ ಬಳಿ ಎರಡು ಮಿನಾರುಗಳ ಮಸೀದಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಹೊರಟರೆ ತಿಂಡಿಯ ಹೊತ್ತಿಗೆ ಮುಗಿಯುತ್ತದೆ. ಎರಡನೆಯದು ಪೂರ್ವಕ್ಕೆ ಚಾಚಿದ ನೇರ ದಾರಿ: 1784ರ ದರಿಯಾ ದೌಲತ್ ಅರಮನೆ, ಗಂಜಾಂ, ಅಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಹೆಸರಿನ ಚರ್ಚು, ನಿಮಿಷಾಂಬ, ಹೈದರ್ ಮತ್ತು ಟಿಪ್ಪು ಮಲಗಿರುವ ಗುಂಬಜ್, ಕೊನೆಗೆ ಎರಡು ಕವಲು ಕೂಡುವ ಸಂಗಮ. ಹೋಗುವಾಗ ನಡೆದು, ಬರುವಾಗ ಆಟೊ ಹಿಡಿದರೆ ವಯಸ್ಸಾದವರಿಗೂ ಕಷ್ಟವಿಲ್ಲ.

ನಡಿಗೆಯನ್ನು ನಾನು ಆರೋಗ್ಯದ ದೃಷ್ಟಿಯಿಂದ ಹೊಗಳುತ್ತಿಲ್ಲ. ಅದಕ್ಕೆ ಪತ್ರಿಕೆಗಳಲ್ಲಿ ಬೇರೆ ಅಂಕಣಗಳಿವೆ. ಈ ಊರಿನ ಇತಿಹಾಸ ನಡೆಯದವರಿಗೆ ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ. ಮೇಲೆ ಹೇಳಿದ ವಾಯವ್ಯ ಮೂಲೆಯನ್ನೇ ನೋಡಿ. ಅಲ್ಲಿ 1907ರಲ್ಲಿ ನಿಲ್ಲಿಸಿದ ಒಂದು ಸ್ಮಾರಕ ಸ್ತಂಭವಿದೆ. ಕಾರಿನಲ್ಲಿ ಬಂದವರು ಸಾಮಾನ್ಯವಾಗಿ ಅತ್ತ ಸುಳಿಯುವುದಿಲ್ಲ. ಅಲ್ಲಿ ನಿಂತು ಕೆಳಗೆ ನೋಡಿದರೆ ಬೇಸಗೆಯ ಕಾವೇರಿ ಬಂಡೆಗಳ ನಡುವೆ ಹರಿದು ಹಂಚಿಹೋಗಿರುತ್ತದೆ. ಮುತ್ತಿಗೆ ಹಾಕಿದವರಿಗೆ ಮಳೆಗಾಲಕ್ಕೆ ಮುನ್ನ ಮುಗಿಸಲೇಬೇಕಾದ ಅವಸರ ಏಕಿತ್ತು, 1799ರ ಮೇ 4ರ ನಡುಮಧ್ಯಾಹ್ನ ಅವರು ಕೆಲವೇ ನಿಮಿಷಗಳಲ್ಲಿ ಹೊಳೆ ದಾಟಿ ಒಡೆದ ಗೋಡೆಯನ್ನು ಹೇಗೆ ಹತ್ತಿದರು ಎಂಬುದಕ್ಕೆ ಪುಸ್ತಕದ ಹತ್ತು ಪುಟಗಳಿಗಿಂತ ಆ ಹೊಳೆಯ ಅಗಲವೇ ಉತ್ತರ ಹೇಳುತ್ತದೆ. ಆ ದಾಳಿಯ ಮುಂದಾಳು ಡೇವಿಡ್ ಬೇರ್ಡ್, 1780ರ ಪೊಲ್ಲಿಲೂರು ಕದನದಲ್ಲಿ ಸೆರೆಸಿಕ್ಕು ಇದೇ ಊರಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಬಂದಿಯಾಗಿದ್ದವನು. ಸೆರೆಮನೆಯಿಂದ ಒಡೆದ ಗೋಡೆಗೆ ನಡೆದು ಹೋದಾಗಲೇ ಈ ಎರಡು ಸಂಗತಿಗಳ ನಂಟು ಮನಸ್ಸಿಗೆ ತಟ್ಟುವುದು. ಮುಂದೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೆ ಅದೇ ಪೊಲ್ಲಿಲೂರು ಬಣ್ಣಗಳಲ್ಲಿ, ಗೆದ್ದವರ ಕಣ್ಣಿನಿಂದ, ಎದುರಾಗುತ್ತದೆ. ಕಾರಿನಿಂದ ಇಳಿದವರಿಗೆ ಅದು ಹಳೆಯ ಚಿತ್ರ ಮಾತ್ರ.

ಹಾಗಿದ್ದರೆ ತಡೆ ಯಾವುದು? ಹಣವಂತೂ ಅಲ್ಲ. ರೈಲು ಹಳಿ ಜೋಡಿಯಾಗಿಸುವ ಕಾಮಗಾರಿಗೆ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡಬಂದಾಗ, ಸುಮಾರು ಸಾವಿರ ಟನ್ ತೂಗುತ್ತದೆಂದು ವರದಿಯಾದ ಆ ಕಟ್ಟಡವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿನಷ್ಟು ಆಚೆ ಸರಿಸಲಾಯಿತು. ಮೆಚ್ಚಬೇಕಾದ ಕೆಲಸ. ಹಳಿಗಾಗಿ ಇಷ್ಟು ಮಾಡಬಲ್ಲ ವ್ಯವಸ್ಥೆಗೆ ಅದೇ ನಿಲ್ದಾಣದ ಬಾಗಿಲಿನಿಂದ ಮೂರು ಅಡಿ ಅಗಲದ ನೆರಳಿರುವ ಕಾಲುದಾರಿ ಹಾಕುವುದು ಅಸಾಧ್ಯವೆಂದರೆ ಯಾರು ನಂಬುತ್ತಾರೆ?

ತಡೆ ಇರುವುದು ಹಂಚಿಹೋದ ಹೊಣೆಯಲ್ಲಿ. ಸ್ಮಾರಕಗಳ ಪೈಕಿ ಹಲವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವು, ಕೆಲವು ರಾಜ್ಯ ಇಲಾಖೆಯವು. ಬೀದಿ ಪುರಸಭೆಯದು, ನಿಲ್ದಾಣ ರೈಲ್ವೆಯದು, ದೇವಸ್ಥಾನ ಮುಜರಾಯಿಯದು. ಪ್ರತಿಯೊಬ್ಬರೂ ತಮ್ಮ ಆವರಣದೊಳಗೆ ಹುಲ್ಲುಹಾಸು ಬೆಳೆಸಿ ಫಲಕ ನಿಲ್ಲಿಸಬಹುದು. ಒಂದು ಆವರಣದಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾರ ಕಡತದಲ್ಲೂ ಇಲ್ಲ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯವೆನ್ನುವ 2010ರ ತಿದ್ದುಪಡಿ ಕಟ್ಟಡಗಳನ್ನು ತಡೆಯಲು ಬಂದದ್ದು. ಅದನ್ನೇ ಮುಂದೊಡ್ಡಿ ಕುಡಿಯುವ ನೀರಿನ ನಲ್ಲಿಯನ್ನೂ ಶೌಚಾಲಯವನ್ನೂ ಮುಂದೂಡುವುದು ಕಾನೂನಿನ ಪಾಲನೆಯಲ್ಲ, ಸೋಮಾರಿತನ. ಶ್ರೀರಂಗಪಟ್ಟಣದ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಆ ಪಟ್ಟಿಯಲ್ಲಿ ಹೆಸರಿಸಿರುವುದು ಬಿಡಿ ಕಟ್ಟಡಗಳನ್ನಲ್ಲ, ದ್ವೀಪ ಪಟ್ಟಣದ ಸ್ಮಾರಕಗಳನ್ನು ಒಟ್ಟಾಗಿ. ಒಟ್ಟಾಗಿ ನೋಡಲು ದಾರಿಯೇ ಇಲ್ಲದ ಊರಿಗೆ ಒಟ್ಟಾದ ಮನ್ನಣೆ ಕೇಳುವುದು ಸ್ವಲ್ಪ ಧೈರ್ಯದ ಮಾತೇ ಸರಿ.

ಆಟೊ ಓಡಿಸುವವರ ಆಕ್ಷೇಪವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಲಾಗದು. ಹೆದ್ದಾರಿ ದೂರ ಸರಿದ ಮೇಲೆ ಅವರಿಗೆ ಉಳಿದಿರುವುದು ಇದೇ ಬಾಡಿಗೆ. ಜನರನ್ನು ನಡೆಸಿದರೆ ನಮ್ಮ ಹೊಟ್ಟೆಯ ಗತಿಯೇನು ಎಂದು ಅವರು ಕೇಳಿದರೆ ಅದು ನ್ಯಾಯವೇ. ಆದರೆ ಅರ್ಧ ದಿನದಲ್ಲಿ ಐದು ಜಾಗ ಮುಗಿಸಿ ಮೈಸೂರಿಗೆ ಹೊರಡುವ ಕಾರಿನವನು ಈ ಊರಿನಲ್ಲಿ ಒಂದು ಎಳನೀರಿನಷ್ಟನ್ನು ಖರ್ಚು ಮಾಡುತ್ತಾನೆ. ನಡೆಯುವವನಿಗೆ ಹಸಿವಾಗುತ್ತದೆ, ದಣಿವಾಗುತ್ತದೆ. ಅವನು ಗಂಜಾಂನಲ್ಲಿ ಊಟ ಮಾಡುತ್ತಾನೆ, ಸಂಗಮದಿಂದ ನಿಲ್ದಾಣಕ್ಕೆ ಆಟೊ ಕರೆಯುತ್ತಾನೆ. ಸಂಗಮದಲ್ಲೂ ಗುಂಬಜ್‌ನಲ್ಲೂ ನಿಗದಿತ ದರದ ಆಟೊ ನಿಲ್ದಾಣಗಳನ್ನು ಮೊದಲು ಮಾಡಿ, ಕಾಲುದಾರಿಯನ್ನು ಆಮೇಲೆ ಮಾಡಿದರೂ ತಪ್ಪಿಲ್ಲ.

ಇದಕ್ಕೆ ದೊಡ್ಡ ಯೋಜನಾ ವರದಿ ಬೇಕಿಲ್ಲ. ರೈಲು ಮತ್ತು ಬಸ್ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಒಂದೊಂದು ನಕ್ಷೆ, ಅದರಲ್ಲಿ ಕಿಲೋಮೀಟರಿನ ಜೊತೆಗೆ ನಡಿಗೆಯ ನಿಮಿಷಗಳು. ತಿರುವುಗಳಲ್ಲಿ ನೆಲದ ಮೇಲೊಂದು ಗುರುತು. ಹೊಂಗೆ, ಬೇವು ನೆಡಲು ಎರಡು ಮಳೆಗಾಲ. ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ನದಿದಂಡೆಯ ದಾರಿ ಮುಚ್ಚಿದೆಯೆಂದು ನಿಲ್ದಾಣದಲ್ಲೇ ತಿಳಿಸುವ ಒಂದು ಹಲಗೆ. ಪೂರ್ಣಯ್ಯನವರ ಕಾಲದ, 1804ರ ವೆಲ್ಲೆಸ್ಲಿ ಸೇತುವೆಯ ಕಡೆಗೆ ಹೋಗುವವರಿಗಂತೂ ಇದು ಜೀವದ ಪ್ರಶ್ನೆ. ಭಾನುವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕೋಟೆಯೊಳಗಿನ ಒಂದು ಬೀದಿಯನ್ನಾದರೂ ಹೊರಗಿನ ಕಾರುಗಳಿಗೆ ಮುಚ್ಚಿ ನೋಡಬಹುದು.

ಇನ್ನೊಂದು ಮಾತು ರೈಲ್ವೆಗೆ. ಬೆಂಗಳೂರು–ಮೈಸೂರು ನಡುವೆ ಓಡುವ ಎಲ್ಲ ರೈಲುಗಳೂ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ. ವೇಗದ ರೈಲುಗಳು ನಿಲ್ಲಬೇಕೆಂದು ಯಾರೂ ಕೇಳುತ್ತಿಲ್ಲ. ನಿಲ್ಲುವ ರೈಲುಗಳಲ್ಲಿ ಒಂದು ಬಿಸಿಲೇರುವ ಮೊದಲು ಬಂದು, ಇನ್ನೊಂದು ಸಂಗಮದಿಂದ ಮರಳಿದವರನ್ನು ಸಂಜೆ ಕತ್ತಲಾಗುವ ಮೊದಲು ಕರೆದೊಯ್ಯುವಂತೆ ವಾರಾಂತ್ಯದ ವೇಳಾಪಟ್ಟಿಯನ್ನು ಹೊಂದಿಸಿದರೆ ಸಾಕು. ಮುಂದಿನ ವೇಳಾಪಟ್ಟಿ ಪರಿಷ್ಕರಣೆಗೆ ಮೊದಲು ಈ ಕೋರಿಕೆಯನ್ನು ಪುರಸಭೆಯೇ ಒಂದು ನಿರ್ಣಯದ ಮೂಲಕ ರೈಲ್ವೆ ವಿಭಾಗೀಯ ಕಚೇರಿಗೆ ಕಳುಹಿಸಬಹುದು. ಆ ಕಚೇರಿ ಇರುವುದು ಮೈಸೂರಿನಲ್ಲೇ, ರೈಲಿನಲ್ಲಿ ಅರ್ಧ ಗಂಟೆಯ ದಾರಿ.