ಹೊಸ್ತಿಲು ದಾಟುವ ಮುನ್ನ

ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ.ಎ.

"ಗಂಡಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಾದೆಯನ್ನು ವೇದಕ್ಕೆ ಸಮಾನವೆನ್ನುವವರಿಗೆ ನನ್ನದೊಂದು ವಿನಯಪೂರ್ವಕ ಪ್ರಶ್ನೆ: ಉಣ್ಣಲೂ ಮಲಗಲೂ ಬಿಡದೆ ಹೊಡೆಯುವ ಮನೆಗಳಿಗೆ ಯಾವ ಗಾದೆಯಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿ ಒಮ್ಮೆಯಾದರೂ ಗಂಡನ ಹಿಂಸೆಗೆ ಗುರಿಯಾದವರು.

ನಮ್ಮ ನೆರೆಮನೆಯ ಅಕ್ಕ ಅಂಥವರಲ್ಲಿ ಒಬ್ಬರು. ಚರ್ಚಾಸ್ಪರ್ಧೆಗಳಲ್ಲಿ ಸ್ತ್ರೀ ಸ್ವಾತಂತ್ರ್ಯವನ್ನು ಕುರಿತು ಮಾತನಾಡಿ ಬಹುಮಾನ ಪಡೆದಿದ್ದ ನಾನು, "ಇನ್ನೂ ಏಕೆ ಅಲ್ಲಿದ್ದಾರೆ? ಎದ್ದು ಬರಬಾರದೇ?" ಎಂದು ತಾಯಿಯೊಡನೆ ವಾದಿಸುತ್ತಿದ್ದೆ. ತಾಯಿ ಹೇಳಿದುದು ಇಷ್ಟೇ: "ಬಾವಿಯಿಂದ ಮೇಲೆ ಬರುವವಳು ಹಗ್ಗ ಗಟ್ಟಿಯಿದೆಯೇ ಎಂದು ನೋಡಿಕೊಳ್ಳಬೇಡವೇನೇ?"

ನಮ್ಮ ಅಡಿಗೆಮನೆಯಲ್ಲಿ, ರಾಗಿಮೂಟೆಯ ಹಿಂದೆ, ಆ ಹಗ್ಗವಿದ್ದುದು ನನಗಾಗ ತಿಳಿಯದು. "ದೊಡ್ಡಮ್ಮಾ, ಇದು ನಿಮ್ಮಲ್ಲಿರಲಿ" ಎಂದು ಅಕ್ಕ ಕೊಟ್ಟುಹೋಗಿದ್ದ ಹಿಟ್ಟಿನ ಡಬ್ಬಿ ಅದು. ಅದರೊಳಗೆ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮಗುವಿನ ಜನನ ಪತ್ರ, ಮದುವೆಯ ಫೋಟೋ, ಪೆಟ್ಟಿಗೆ ಔಷಧಿ ಹಾಕಿಸಿಕೊಂಡ ಆಸ್ಪತ್ರೆಯ ಚೀಟಿಗಳು, ಹಾಲು ಮಾರಿ ಉಳಿಸಿದ ನೂರರ ನೋಟುಗಳು. ನಾಲ್ಕು ತಿಂಗಳು ಡಬ್ಬಿ ತುಂಬುತ್ತ ಬಂದಿತು. ಒಂದು ಸಂತೆಯ ದಿನ, ಗಂಡ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಅಕ್ಕ ಮಗುವನ್ನು ಶಾಲೆಗೆ ಬಿಡಲು ಹೊರಟವರಂತೆ ಬಂದು ಡಬ್ಬಿ ತೆಗೆದುಕೊಂಡು ಬಸ್ಸು ಹತ್ತಿದರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಟಿಕೆಟ್ಟಿಗೆ ಹಣ ಬೇಕಾಗಲಿಲ್ಲ. ಆದರೆ ಗುರುತಿನ ಚೀಟಿ ಬೇಕಾಯಿತು. ಅದು ಡಬ್ಬಿಯಲ್ಲಿತ್ತು.

ಸಿಟ್ಟಿನ ಭರದಲ್ಲಿ ಉಟ್ಟ ಸೀರೆಯಲ್ಲೇ ಹೊರಡುವುದನ್ನು ಧೈರ್ಯವೆಂದು ನಾನು ಭಾವಿಸಿದ್ದೆ. ಅದು ತಪ್ಪು. ಹಿಡಿತ ತಪ್ಪುತ್ತಿದೆಯೆಂದು ತಿಳಿದಾಗಲೇ ಹೊಡೆಯುವವನ ಕೈ ಹೆಚ್ಚು ಕ್ರೂರವಾಗುತ್ತದೆ. ಮನೆ ಬಿಡುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಆದುದರಿಂದ "ಹೊಂದಿಕೊಂಡು ಹೋಗು" ಎನ್ನುವ ಹಿರಿಯರೂ, "ಈಗಲೇ ಬಿಟ್ಟು ಬಾ" ಎನ್ನುವ ನಮ್ಮಂಥವರೂ ಕಷ್ಟದಲ್ಲಿರುವವಳಿಗೆ ಸಮಾನವಾಗಿ ನಿರುಪಯೋಗಿಗಳು. ಪ್ರಾಣಕ್ಕೇ ಸಂಚಕಾರ ಬಂದ ರಾತ್ರಿ ಕಾಯುವುದು ಸಲ್ಲದು; ಆಗ 112ಕ್ಕೆ ಕರೆಮಾಡಿ ಹೊರಬರಬೇಕು. ಉಳಿದಂತೆ ಸಿದ್ಧತೆ ಬೇಕು, ಗುಟ್ಟೂ ಬೇಕು. ಮೊಬೈಲಿನಲ್ಲಿ ಉಳಿಯುವ ಕರೆಗಳ ಪಟ್ಟಿ, ಇರುವ ಸ್ಥಳವನ್ನು ತೋರಿಸುವ ಲೊಕೇಷನ್ ಇವುಗಳ ಬಗೆಗೂ ಎಚ್ಚರವಿರಬೇಕು.

ಮನೆ ಬಿಟ್ಟರೆ ಹಕ್ಕೂ ಹೋಯಿತೆಂಬ ಭಯ ಅನೇಕರಿಗಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಸದ್ಯಕ್ಕೆ ಆ ಮನೆಯಲ್ಲಿ ವಾಸವಿಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಕೇಳಬಹುದೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ದೂರು ಕೊಡಲು ಗಂಡನ ಊರಿಗೆ ಮರಳಬೇಕಾಗಿಲ್ಲ. ತಾತ್ಕಾಲಿಕವಾಗಿ ತಂಗಿರುವ ಊರಿನ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಸಲ್ಲಿಸಬಹುದು. ಸ್ತ್ರೀಧನವನ್ನು ಹಿಂದಿರುಗಿಸುವಂತೆ ಅವರು ಆಜ್ಞೆ ಮಾಡಬಹುದು. ಆದಾಯವೆಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವುಂಟು. 181ಕ್ಕೆ ಕರೆಮಾಡಿದರೆ ಸಲಹೆ ದೊರೆಯುತ್ತದೆ. ಸಖಿ ಕೇಂದ್ರಗಳಲ್ಲಿ ಕೆಲವು ದಿನಗಳ ಆಸರೆಯೂ ಉಂಟು. ಈ ಕಾಯಿದೆ ಹೆಂಡತಿಗಷ್ಟೇ ಅಲ್ಲ, ತಾಯಿಗೂ ಮಗಳಿಗೂ ರಕ್ಷಣೆ ಕೊಡುತ್ತದೆ. ನಮ್ಮ ತರಗತಿಯ ಬೆಂಚಿನಲ್ಲೇ ಇದನ್ನು ತಿಳಿಯಬೇಕಾದವರು ಇರಬಹುದು.

ಅಕ್ಕ ಹೋದ ಸಂಜೆ ಆಕೆಯ ಗಂಡ ನಮ್ಮ ಬಾಗಿಲಿಗೆ ಬಂದು, ಕಣ್ಣೀರು ಹಾಕಿ, "ಎಲ್ಲಿಗೆ ಹೋದಳು ಹೇಳಿ ದೊಡ್ಡಮ್ಮ" ಎಂದು ಕೇಳಿದ. "ನನಗೆ ಗೊತ್ತಿಲ್ಲಪ್ಪ" ಎಂದಳು ತಾಯಿ. ಆಕೆಗೆ ಗೊತ್ತಿತ್ತು. ತಾಯಿ ಸುಳ್ಳಾಡಿದುದನ್ನು ನಾನು ಕೇಳಿದುದು ಅದೇ ಮೊದಲು.

ಸಹಪಾಠಿಗಳೇ, ಗುರುಗಳೇ, ನನ್ನ ಕೋರಿಕೆ ಇಷ್ಟೇ. ನಮ್ಮನ್ನು ನಂಬಿ ಬಂದವಳನ್ನು "ಇಷ್ಟು ದಿನ ಏಕೆ ಸಹಿಸಿದೆ?" ಎಂದು ಕೇಳದಿರೋಣ. ಆಕೆ ಕೊಟ್ಟ ಡಬ್ಬಿಯನ್ನು ಜೋಪಾನವಾಗಿಡೋಣ. ಆಕೆ ಹೋದ ಊರಿನ ಹೆಸರನ್ನು ಬಾಯಿಬಿಡದಿರೋಣ. ಇದಕ್ಕೆ ಬಹುಮಾನ ದೊರೆಯುವುದಿಲ್ಲ. ಆದರೆ ಅಕ್ಕನ ಮಗು ಈಗ ಬೇರೊಂದು ಊರಿನಲ್ಲಿ ಹೆದರದೆ ಶಾಲೆಗೆ ಹೋಗುತ್ತಿದೆ.